ಬಣ್ಣ ಹೋದ ಮೇಲೆ ಉಳಿದದ್ದು

ಓಝೋನ್ ಅಂದಕೂಡಲೇ ಹೆಚ್ಚಿನವರಿಗೆ ಆಕಾಶದ ಪದರ ನೆನಪಾಗುತ್ತದೆ. ನನಗೆ ನೆನಪಾಗುವುದು ಪ್ರಯೋಗಾಲಯದ ಆ ಘಾಟು. 1840ರಲ್ಲಿ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಇದಕ್ಕೆ ಹೆಸರಿಟ್ಟಿದ್ದೇ ವಾಸನೆಯನ್ನು ಹೇಳುವ ಗ್ರೀಕ್ ಪದದಿಂದ. ಫ್ರಾನ್ಸಿನ ನೀಸ್ ಪಟ್ಟಣ 1906ರಿಂದಲೇ ಕುಡಿಯುವ ನೀರಿಗೆ ಓಝೋನ್ ಬಳಸತೊಡಗಿತ್ತು. ಅಂದರೆ ನನ್ನ ಸಂಶೋಧನೆಯ ವಸ್ತು ಹೊಸದೇನಲ್ಲ.

ಲ್ಯಾಬಿಗೆ ಯಾರಾದರೂ ಬಂದರೆ ಬಟ್ಟೆಗೆ ಹಾಕುವ ಕಿತ್ತಳೆ ಬಣ್ಣವನ್ನು ನೀರಿಗೆ ಬೆರೆಸಿ, ಅದರೊಳಗೆ ಓಝೋನ್ ಗುಳ್ಳೆ ಬಿಟ್ಟು ತೋರಿಸುತ್ತೇನೆ. ಕೆಲವೇ ನಿಮಿಷಗಳಲ್ಲಿ ನೀರು ತಿಳಿಯಾಗುತ್ತದೆ. ಒಮ್ಮೆ ಅಮ್ಮ ನೋಡಿ, "ಕೊಳೆ ಹೋಯ್ತಲ್ಲೇ, ಮತ್ತೆ ನಾಲ್ಕು ವರ್ಷದಿಂದ ಏನು ಮಾಡ್ತಿದೀಯ?" ಅಂದಳು.

ನಾಲ್ಕು ವರ್ಷ ಹೋಗಿದ್ದು ಆ ತಿಳಿನೀರಿನ ಹಿಂದೆಯೇ. ಇಂಥ ಬಣ್ಣದ ಜೀವ ಇರುವುದು ಎರಡು ನೈಟ್ರೋಜನ್‌ಗಳ ನಡುವಿನ ಬಂಧದಲ್ಲಿ. ಓಝೋನ್ ಅದನ್ನು ಸುಲಭವಾಗಿ ಮುರಿಯುತ್ತದೆ. ಆದರೆ ಮುರಿದ ಚೂರುಗಳು ಎಲ್ಲಿಗೂ ಹೋಗುವುದಿಲ್ಲ. ಅವು ಕೊನೆಗೆ ಆಕ್ಸಾಲಿಕ್ ಆಮ್ಲದಂಥ ಬಣ್ಣವಿಲ್ಲದ ಸಣ್ಣ ಅಣುಗಳಾಗುತ್ತವೆ, ಅವುಗಳನ್ನು ಓಝೋನ್ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲವನ್ನು ಅಳೆದರೆ ಬಹುಪಾಲು ಅಲ್ಲೇ ಇರುತ್ತದೆ. ಕಣ್ಣಿಗೆ ಶುದ್ಧ, ಯಂತ್ರಕ್ಕೆ ಅಲ್ಲ.

ಲೋಹದ ಆಕ್ಸೈಡುಗಳು ಬರುವುದು ಇಲ್ಲಿ. ಮ್ಯಾಂಗನೀಸ್, ಸೀರಿಯಂ, ಕಬ್ಬಿಣದ ಆಕ್ಸೈಡುಗಳ ನುಣ್ಣನೆಯ ಪುಡಿಯನ್ನು ಕ್ರಿಯಾವರ್ಧಕವಾಗಿ ಹಾಕಿದರೆ ಅದರ ಮೇಲ್ಮೈಯಲ್ಲಿ ಓಝೋನ್ ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಬಲ್ಲದು. ಕಣ್ಣೆವೆ ಮಿಟುಕಿಸುವ ಮೊದಲೇ ಮುಗಿಯುವ ಆಯುಸ್ಸು ಅದರದು, ಆದರೆ ಹಸಿವು ಅಪಾರ. ಓಝೋನ್ ಬಿಟ್ಟದ್ದನ್ನೂ ಅದು ತಿನ್ನುತ್ತದೆ.

ತೊಂದರೆಯೆಂದರೆ, ಅದು ಎದುರಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ನನ್ನ ಪುಡಿ ಸೊಗಸಾಗಿ ಕೆಲಸ ಮಾಡಿತು. ಬೋರ್‌ವೆಲ್ ನೀರು ತಂದು ಹಾಕಿದಾಗ ಗ್ರಾಫು ಸೊರಗಿತು. ಗಡಸು ನೀರಿನ ಬೈಕಾರ್ಬನೇಟ್ ಆ ರ್‍ಯಾಡಿಕಲ್‌ಗಳನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಇನ್ನೊಂದು ಪೇಚು. ಓಝೋನ್ ಅದನ್ನು ಬ್ರೋಮೇಟ್ ಮಾಡಬಲ್ಲದು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೀರು ಆಮ್ಲೀಯವಾದರೆ ಪುಡಿಯಿಂದಲೇ ಲೋಹ ಕರಗಿ ನೀರಿಗೆ ಸೇರುವ ಭಯವೂ ಉಂಟು.

"ಬೋರ್‌ವೆಲ್ ಗ್ರಾಫು ಪೇಪರಿಗೆ ಬೇಡ, ರೆಫರಿ ಸುಮ್ಮನೆ ಪ್ರಶ್ನೆ ಕೇಳ್ತಾರೆ" ಎಂದು ಹಿರಿಯ ಸಹಪಾಠಿಯೊಬ್ಬರು ಬುದ್ಧಿ ಹೇಳಿದರು. ಅವರದು ಕೆಟ್ಟ ಉದ್ದೇಶವಲ್ಲ. ಪೇಪರು ಇಲ್ಲದೆ ಥೀಸಿಸ್ ಇಲ್ಲ, ಥೀಸಿಸ್ ಇಲ್ಲದೆ ಕೆಲಸವಿಲ್ಲ. ನನ್ನ ಫೆಲೋಶಿಪ್ಪಿಗೆ ಉಳಿದಿರುವುದೂ ಕೆಲವೇ ತಿಂಗಳು.

ಆದರೆ ಆ ಗ್ರಾಫನ್ನು ತೆಗೆದರೆ ನಾನೂ ಬಣ್ಣವನ್ನಷ್ಟೇ ತೆಗೆದಂತಾಗುತ್ತದೆ ಅನ್ನಿಸಿತು. ಕಾರ್ಖಾನೆಯ ಚರಂಡಿಯಲ್ಲಾಗಲಿ, ಕೆರೆಯಲ್ಲಾಗಲಿ ಬಟ್ಟಿ ಇಳಿಸಿದ ನೀರು ಹರಿಯುವುದಿಲ್ಲ. ಹಾಗಾಗಿ ನಾಲ್ಕನೇ ಅಧ್ಯಾಯದಲ್ಲಿ ಎರಡು ಗೆರೆಗಳೂ ಒಂದೇ ಚಿತ್ರದಲ್ಲಿವೆ, ಒಂದು ಮೇಲೆ, ಒಂದು ಕೆಳಗೆ. ಅವುಗಳ ನಡುವಿನ ಅಂತರವೇ ಮುಂದೆ ಮಾಡಬೇಕಾದ ಕೆಲಸ. ರೆಫರಿ ಕೇಳಿದರೆ ಅದನ್ನೇ ಹೇಳುತ್ತೇನೆ.