ಬ್ರೆಡ್ಡಿಗೂ ಲಕ್ವಾ ಹೊಡದೈತೇನು?

ಒಂದು ಬ್ರೆಡ್ ತುಂಡು. ಅದಕ್ಕೆ ಟೋಸ್ಟ್ ಆಗಬೇಕು ಅಂತ ಆಸೆ. ಇಷ್ಟೇ ಕತೆ. ಇದನ್ನ ವಿಡಿಯೋ ಗೇಮ್ ಮಾಡ್ತಾರೆ, ಜನ ದುಡ್ಡು ಕೊಟ್ಟು ಆಡ್ತಾರೆ ಅಂದ್ರೆ ನಂಬ್ತೀರಾ? ಮಾಡಿದ್ದಾರೆ ಸ್ವಾಮಿ. ಲಂಡನ್ನಿನ ಬಾಸಾ ಸ್ಟುಡಿಯೋಸ್ ಅನ್ನೋರು 2015ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ ಆ ಆಟದ ಹೆಸರು 'ಐ ಆಮ್ ಬ್ರೆಡ್'. ಅಹಂ ಬ್ರೆಡ್ಡಾಸ್ಮಿ ಅಂತ ಇಟ್ಕೊಳ್ಳಿ :-)

ಬ್ರೆಡ್ಡಿಗೆ ಕೈಕಾಲಿಲ್ಲ, ಇರೋದು ನಾಲ್ಕು ಮೂಲೆ. ಜಾಯ್‌ಸ್ಟಿಕ್ಕಿನ ಮೇಲ್ತುದಿಯ ನಾಲ್ಕು ಬಟನ್ನಿಗೆ ಒಂದೊಂದು ಮೂಲೆ. ಬಟನ್ ಒತ್ತಿ ಹಿಡಿದರೆ ಆ ಮೂಲೆ ಎದುರಿಗಿದ್ದದ್ದನ್ನ ಕಚ್ಚಿಕೊಳ್ಳುತ್ತೆ, ಬಿಟ್ಟರೆ ಬಿಡುತ್ತೆ. ಒಂದು ಮೂಲೆ ಊರಿ, ಇನ್ನೊಂದನ್ನ ಎತ್ತಿ, ಹೊರಳಿ, ಮತ್ತೆ ಊರಿ.... ಹೀಗೇ ಟೇಬಲ್ಲು, ಗೋಡೆ, ಕಪಾಟು ಏರಿಕೊಂಡು ಬಿಸಿ ಇರೋ ಕಡೆ ತಲುಪಬೇಕು. ಹಿಡಿತಕ್ಕೆ ಲೆಕ್ಕ ಇದೆ, ಹೆಚ್ಚು ಹೊತ್ತು ನೇತಾಡಿದರೆ ಜಾರಿ ಬೀಳ್ತೀರಿ. ನೆಲಕ್ಕೆ ಬಿದ್ದರೆ, ಕೊಳೆ ಮುಟ್ಟಿದರೆ 'ತಿನ್ನೋ ಯೋಗ್ಯತೆ' ಇಳೀತಾ ಹೋಗುತ್ತೆ. ಅದು ಸೊನ್ನೆ ಆದರೆ ಆಟ ಮುಗೀತು. ಅಡುಗೆಮನೆಯಲ್ಲೇನೋ ಟೋಸ್ಟರ್ ಇದೆ, ಮುಂದಿನ ಕೋಣೆಗಳಲ್ಲಿ ಬಿಸಿ ಅನ್ನೋದನ್ನ ನೀವೇ ಹುಡುಕಿಕೊಳ್ಳಬೇಕು. ಆ ಮನೆಯ ಯಜಮಾನ ಮರ್ಟನ್ ಅಂತ ಒಬ್ಬ ಬಡಪಾಯಿ. ದಿನಾ ಒಂದೊಂದು ಕೋಣೆ ಎಕ್ಕುಟ್ಟಿ ಹೋಗಿರೋದು ನೋಡಿ, ಬ್ರೆಡ್ಡಿಗೆ ಜೀವ ಇದೆ ಅಂತ ಮಾನಸಿಕ ವೈದ್ಯರ ಹತ್ತಿರ ಹೇಳ್ತಾನೆ, ಯಾರೂ ನಂಬಲ್ಲ. ನನಗೆ ಆ ಭಾಗದಲ್ಲಿ ನಗು ಬರಲಿಲ್ಲ, ಪಾಪ ಅನ್ನಿಸ್ತು.

ಈ ಜಾತಿಯ ಆಟಗಳಿಗೆ ಒಂದು ವಂಶವೇ ಇದೆ. ಹಿರಿಯಣ್ಣ ಅಂದರೆ 2008ರ 'ಕ್ವಾಪ್'. ಮಾಡಿದವನು ಬೆನೆಟ್ ಫಾಡಿ, ತತ್ವಶಾಸ್ತ್ರ ಓದಿದ ಆಸ್ಟ್ರೇಲಿಯಾದವನು. ಅದರಲ್ಲಿ ನೀವು ಓಟಗಾರ, ನೂರು ಮೀಟರ್ ಓಡಬೇಕು. ಆದರೆ ಕ್ಯೂ ಮತ್ತು ಡಬ್ಲ್ಯೂ ಕೀಗೆ ತೊಡೆಗಳು, ಓ ಮತ್ತು ಪಿಗೆ ಮೀನಖಂಡಗಳು. ಎರಡು ಹೆಜ್ಜೆ ಇಡೋಷ್ಟರಲ್ಲಿ ಮಗುಚಿ ಬಿದ್ದಿರ್ತೀರಿ. ಬಾಸಾದವರದ್ದೇ 'ಸರ್ಜನ್ ಸಿಮ್ಯುಲೇಟರ್' 2013ರ ಜನವರಿಯಲ್ಲಿ, 48 ಗಂಟೆಯಲ್ಲಿ ಗೇಮ್ ಮಾಡಿ ಮುಗಿಸೋ ಒಂದು ಕೂಟದಲ್ಲಿ ಹುಟ್ಟಿದ್ದು. ಅಲ್ಲಿ ಡಾಕ್ಟರ ಒಂದೊಂದು ಬೆರಳಿಗೂ ಒಂದೊಂದು ಕೀ. ರೋಗಿ ಗತಿ ಹೇಳೋದೇ ಬೇಡ.

ನಗು ಎಲ್ಲಿಂದ ಬರುತ್ತೆ ನೋಡಿ. ನಮ್ಮ ಮೈ ನಮ್ಮನ್ನ ಕೇಳದೆ ಮಾಡೋ ಕೆಲಸವನ್ನ ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇಕಂತಲೇ ಮಾಡು ಅಂತಾರೆ. ಲೋಟ ಎತ್ತೋದು ಒಂದೇ ಕೆಲಸ ಅಂತ ನಾವು ಅಂದುಕೊಂಡಿರ್ತೀವಿ. ಒಂದಲ್ಲ, ಹತ್ತಾರು.

ಇದನ್ನ ನನಗಿಂತ ಬೇಗ ಹಿಡಿದವಳು ನಮ್ಮವ್ವ. ಆಕೆ ಗೇಮ್ ಆಡಿದವಳಲ್ಲ, ಚೌಕಾಬಾರ ಬಿಟ್ಟರೆ.

ನಮ್ಮನೆ ಜಾಂಬೋಟಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋದವರು ಇಲ್ಲಿ ಚಹಾ ಕುಡಿದಿರ್ತೀರಿ. ಇನ್ನೂ ಮುಂದೆ ಹೋದರೆ ಮಲಪ್ರಭೆ ಹುಟ್ಟೋ ಕಣಕುಂಬಿ. ಅವ್ವನ ತವರು ಬೈಲಹೊಂಗಲ ಕಡೆ. ಎರೆಮಣ್ಣಿನ ಜೋಳದ ಸೀಮೆಯಿಂದ ಈ ಮಳೆ-ಭತ್ತದ ಸೀಮೆಗೆ ಬಂದವಳು, ಇಲ್ಲಿ ಎರಡು ಕಲಿತಳು. ಮರಾಠಿ ಮತ್ತು ಅಕ್ಕಿ ರೊಟ್ಟಿ. ಮರಾಠಿ ಈಗಲೂ ಅಷ್ಟಕ್ಕಷ್ಟೇ, ರೊಟ್ಟಿ ಮಾತ್ರ ಮಾತಾಡಂಗಿಲ್ಲ. 2020ರ ಜನವರಿಯಲ್ಲಿ ಆಕೆಗೆ ಬಲಗಡೆ ಲಕ್ವಾ ಹೊಡೀತು. ಬೆಳಗಾವಿಯ ಆಸ್ಪತ್ರೆಯಲ್ಲಿ ಜೀವ ಉಳೀತು, ಮಾತೂ ವಾಪಸ್ ಬಂತು (ಬೈಗುಳ ಮೊದಲು). ಕೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಇತ್ತು. ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಚೇತರಿಕೆ ಆಗೋದು, ಬಿಡದೆ ವ್ಯಾಯಾಮ ಮಾಡಿಸಿ ಅಂದಿದ್ದರು ಫಿಸಿಯೋ. ಅಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಗೋವಾ ರಸ್ತೆ ಮೇಲೆ ನಾಯಿ ಮಲಗೋ ಹಾಗಾಯ್ತು. ಬೆಳಗಾವಿಗೆ ಕರಕೊಂಡು ಹೋಗೋದು ನಿಂತು ಹೋಯ್ತು.

ಪುಣೆಯಲ್ಲಿ ಓದ್ತಿದ್ದ ಅಣ್ಣನ ಮಗನೂ ಲ್ಯಾಪ್‌ಟಾಪು, ಜಾಯ್‌ಸ್ಟಿಕ್ಕು ಹೊತ್ತು ಬಂದು ಮನೇಲಿ ಕೂತಿದ್ದ. ಒಂದಿನ ಪಡಸಾಲೆಯಲ್ಲಿ ಈ ಬ್ರೆಡ್ ಆಟ ಆಡ್ತಾ ಇದ್ದಾನೆ. ಅವ್ವ ಮಂಚದ ಮೇಲೆ ಕೂತು ಸುಮಾರು ಹೊತ್ತು ನೋಡಿದಳು. ಬ್ರೆಡ್ಡು ಒಂದು ಮೂಲೆ ಎತ್ತುತ್ತೆ, ನಡುಗುತ್ತೆ, ಇನ್ನೊಂದನ್ನ ಬಿಡಲಾರದೆ ಒದ್ದಾಡುತ್ತೆ, ಧೊಪ್ ಅಂತ ಬೀಳುತ್ತೆ. ಅವ್ವ ಕೇಳಿದಳು, "ಯಾಕೋ ತಮ್ಮಾ, ಆ ಬ್ರೆಡ್ಡಿಗೂ ಲಕ್ವಾ ಹೊಡದೈತೇನು?"

ಹುಡುಗ ನಗಬೇಕೋ ಬೇಡವೋ ಗೊತ್ತಾಗದೆ ನನ್ನ ಮುಖ ನೋಡಿದ. ಆಕೆ ತಾನೇ ನಕ್ಕಳು. ಕಾಯಿಲೆ ಆದ ಮೇಲೆ ಹಂಗೆ ನಕ್ಕಿದ್ದು ಅವತ್ತೇ.

ಆಮೇಲೆ ದಿನಾ ನೋಡೋಕೆ ಶುರು ಮಾಡಿದಳು. ನೋಡ್ತಾ ನೋಡ್ತಾ ಸಲಹೆ ಬೇರೆ. "ಮೊದಲ ಆ ಕಡೀದು ಬಿಡೋ, ಹಿಡಕೊಂಡೇ ಹೆಂಗ ಹೊಳ್ಳತೀ?" ಅಂತ. ಲಕ್ವಾದ ಕೈಗೆ ಹಿಡಿಯೋದಕ್ಕಿಂತ ಬಿಡೋದು ಕಷ್ಟ. ಮುಷ್ಟಿ ತಾನೇ ಬಿಗಿಯುತ್ತೆ, ಬೆರಳು ಬಿಚ್ಚೋದಿಲ್ಲ. ಫಿಸಿಯೋ ಇದನ್ನ ನಮಗೆ ಎರಡು ಸಲ ವಿವರಿಸಿದ್ದರು, ನಾವು ತಲೆ ಆಡಿಸಿದ್ವಿ. ತಿಳಿದದ್ದು ಆ ಬ್ರೆಡ್ಡು ಗೋಡೆಗೆ ಅಂಟಿಕೊಂಡು ನೇತಾಡೋದು ನೋಡಿದ ಮೇಲೆ! ಅದುವರೆಗೆ ನಾವು ಅವ್ವನಿಗೆ "ಗಟ್ಟಿ ಹಿಡಿ, ಗಟ್ಟಿ ಹಿಡಿ" ಅಂತಲೇ ಹೇಳ್ತಿದ್ದದ್ದು.

ಈ ಆಟದಲ್ಲಿ ಒಂದು ಕರುಣೆ ಇದೆ. ಪದೇ ಪದೇ ಸತ್ತರೆ ಮಾಯದ ಮಾರ್ಮಲೇಡ್ ಡಬ್ಬಿಯೊಂದು ಪ್ರತ್ಯಕ್ಷ ಆಗುತ್ತೆ. ಅದನ್ನ ಮುಟ್ಟಿದರೆ ಹಿಡಿತವೂ ತೀರೋದಿಲ್ಲ, ಕೊಳೆಯೂ ತಾಗೋದಿಲ್ಲ. ಅವ್ವನಿಗೆ ಇದು ಬಹಳ ಸೇರಿತು. ನಮ್ಮ ಹತ್ತಿರ ಅಂಥ ಡಬ್ಬಿ ಇರಲಿಲ್ಲ. ಇದ್ದದ್ದು ಬಟ್ಟೆ ಚಿಮ್ಮಟ, ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕೋ ಅವರೆಕಾಳು, ಮತ್ತೆ ಹಿಟ್ಟು.

ಹಿಟ್ಟು ಆಕೆಯದೇ ಉಪಾಯ. ಅಕ್ಕಿ ರೊಟ್ಟಿ ಬಡಿಯೋದನ್ನ ಹತ್ತಿರದಿಂದ ನೋಡಿದ್ದೀರಾ? ಕುದಿಯೋ ನೀರಿಗೆ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿ ಇರೋವಾಗಲೇ ನಾದಬೇಕು. ಬಡಿಯುವಾಗ ಒಂದು ಕೈ ತಟ್ಟುತ್ತೆ, ಇನ್ನೊಂದು ಅಂಚು ಕಾಯುತ್ತೆ, ಪ್ರತಿ ಏಟಿಗೂ ರೊಟ್ಟಿ ತಾನೇ ಚೂರು ತಿರುಗುತ್ತೆ. ಅಕ್ಕಿಗೆ ಗೋಧಿಯ ಜಿಗುಟಿಲ್ಲ. ಏಟು ಒಂದು ಗುಂಜಿ ಹೆಚ್ಚಾದರೆ ಅಂಚು ಸೀಳುತ್ತೆ, ಕಮ್ಮಿಯಾದರೆ ತಿರುಗೋದೇ ಇಲ್ಲ. ಆಮೇಲೆ ಅಂಗೈ ಮೇಲೆ ಎತ್ತಿ ಹಂಚಿಗೆ ಬಿಡೋದು. ಎಸೆಯೋದಲ್ಲ, ಬಿಡೋದು. ನಲವತ್ತು ವರ್ಷ ಆಕೆ ಇದನ್ನ ಮಳೆ ನೋಡ್ತಾ, ಪಕ್ಕದ ಮನೆಯವಳ ಜೊತೆ ಜಗಳ ಆಡ್ತಾ ಮಾಡಿದವಳು. ಈಗ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಮಾಡಬೇಕು. "ಊರು, ಬಿಡು, ಹೊಳ್ಳಸು." ಮೊದಲ ತಿಂಗಳು ರೊಟ್ಟಿ ಅಲ್ಲ, ಬರೀ ಮುದ್ದೆ ಒತ್ತೋದು. ಹಂಚಿನ ಹತ್ತಿರ ಬಿಡ್ತಿರಲಿಲ್ಲ, ಬಿಸಿ ಕೈಗೆ ಪೂರ್ತಿ ತಿಳೀತಿರಲಿಲ್ಲ ಅಂತ.

ಆಗಸ್ಟ್ ಹೊತ್ತಿಗೆ, ಕೋಣೆಯೊಳಗಿನ ಬಟ್ಟೆಗೂ ಬೂಸ್ಟು ಹಿಡಿಯೋ ನಮ್ಮೂರ ಮಳೆಯಲ್ಲಿ, ಒಂದು ರೊಟ್ಟಿ ಆಯ್ತು. ಗುಂಡಗಲ್ಲ. ಗೋವಾ ನಕ್ಷೆ ಇದ್ದ ಹಾಗಿತ್ತು. ಎಡಗೈಯೇ ಹೆಚ್ಚು ತಟ್ಟಿದ್ದು, ಬಲಗೈ ಅಂಚು ಕಾಯೋಕೆ ಬಂದಿತ್ತು ಅಷ್ಟೇ. ಹಂಚಿಗೆ ಬಿಟ್ಟವಳು ಅತ್ತಿಗೆ. ಆಟದಲ್ಲಿ ಕೊನೆಗೆ ಗ್ರೇಡ್ ಕೊಡ್ತಾರೆ. ಹುಡುಗ ಅದೇ ಗತ್ತಿನಲ್ಲಿ, "ಅಜ್ಜಿ, ತಿನ್ನೋ ಯೋಗ್ಯತೆ ನೂರಕ್ಕ ನೂರು" ಅಂದ. ಅವ್ವ, "ಉಪ್ಪ ಹಾಕೇನೋ ಇಲ್ಲೋ ಮೊದಲ ನೋಡಿ ಹೇಳು" ಅಂದಳು.

ಹಾಕಿರಲಿಲ್ಲ.

ಬಲಗೈ ಈಗಲೂ ಪೂರ್ತಿ ಬಂದಿಲ್ಲ, ಬಳೆ ತೊಡಿಸೋಕೆ ಇನ್ನೊಬ್ಬರು ಬೇಕು. ದಿನಕ್ಕೆ ಎರಡು ರೊಟ್ಟಿ ಮಾತ್ರ ತಾನೇ ಬಡೀತಾಳೆ, ತನಗೊಂದು, ನಾನು ಊರಲ್ಲಿದ್ದರೆ ನನಗೊಂದು. ಇಲ್ಲದಿದ್ದರೆ ಅದು ನಾಯಿಗೆ. ಹುಡುಗ ಪುಣೆಗೆ ವಾಪಸ್ ಹೋದ, ಜಾಯ್‌ಸ್ಟಿಕ್ ಇಲ್ಲೇ ಬಿಟ್ಟು. ನೀವು ಆಡೋದಾದರೆ ಅದನ್ನ ಇಟ್ಟುಕೊಂಡೇ ಆಡಿ. ಕೀಬೋರ್ಡಿನಲ್ಲಿ ನಾನು ಪ್ರಯತ್ನಿಸಿದೆ, ಟೇಬಲ್ ಕೂಡ ದಾಟಲಿಲ್ಲ.