ಮೇಲುಕೋಟೆಯ ಮುಡಿಗಳು

ಕಿರೀಟಕ್ಕೆ ನಮ್ಮ ನುಡಿಯಲ್ಲಿ ಮುಡಿಯೆಂದೂ ಹೆಸರುಂಟು. ತಲೆಗೂದಲೂ ಮುಡಿಯೇ, ಹೆಂಗಳೆಯರು ಹೂವನ್ನು ಮುಡಿಯುವರು, ಹರಕೆ ಹೊತ್ತವರು ದೇವರಿಗೆ ಮುಡಿಯನ್ನು ಒಪ್ಪಿಸುವರು. ಈ ಒಂದು ಮಾತಿನ ಅರ್ಥಗಳೆಲ್ಲವನ್ನೂ ಒಂದೇ ಊರಿನಲ್ಲಿ ಕಣ್ಣಾರೆ ಕಾಣಬೇಕೆನ್ನುವವರು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಗೆ ಹೋಗಬೇಕು. ಛಾಯಾಚಿತ್ರಣದಲ್ಲಿ ಆಸಕ್ತಿಯುಳ್ಳ ನಾವು ಮೂವರು ಗೆಳೆಯರು, ಕಿರೀಟವೆಂಬ ಒಂದೇ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಫಾಲ್ಗುಣ ಮಾಸದ ವೈರಮುಡಿ ಉತ್ಸವಕ್ಕೆ ಒಂದು ದಿನ ಮುಂಚಿತವಾಗಿಯೇ ಅಲ್ಲಿಗೆ ಹೋಗಿದ್ದೆವು. ಹೀಗೆ ಒಂದು ವಿಷಯವನ್ನು ಗೊತ್ತುಮಾಡಿಕೊಂಡು ಹೊರಡುವುದರಿಂದ ಬಹಳ ಉಪಕಾರವುಂಟು. ಕಂಡದ್ದನ್ನೆಲ್ಲ ಚಿತ್ರ ತೆಗೆಯುವ ಚಾಪಲ್ಯವು ತಗ್ಗುವುದು. ಪ್ರತಿದಿನವೂ ಕಾಣುವ ವಸ್ತುಗಳಲ್ಲಿ ಹೊಸ ಆಕಾರಗಳು ತೋರುವುವು.

ಮೈಸೂರಿನಿಂದ ಹೊರಟವರಿಗೆ ಮೇಲುಕೋಟೆಯು ಸುಮಾರು 50 ಕಿಲೋಮೀಟರು ದೂರ. ಊರು ಇನ್ನೂ ದೂರವಿರುವಾಗಲೇ ಬೆಟ್ಟವೂ, ಅದರ ನೆತ್ತಿಯ ಮೇಲಿನ ಯೋಗಾನರಸಿಂಹಸ್ವಾಮಿಯ ಗುಡಿಯೂ ಕಣ್ಣಿಗೆ ಬೀಳುವುವು. ಬಂಡೆಯೇ ತಲೆ, ಗುಡಿಯೇ ಕಿರೀಟ. ಈ ಕಿರೀಟವನ್ನು ನಡುಹಗಲಿನಲ್ಲಿ ತೆಗೆದರೆ ಗೋಪುರವೂ ಬಂಡೆಯೂ ಒಂದೇ ಬಣ್ಣವಾಗಿ ಕಲೆತುಹೋಗುವುವು. ಬೆಳಗಿನ ಓರೆಬಿಸಿಲಿನಲ್ಲಾದರೆ ಗೋಪುರದ ಒಂದೊಂದು ನೆಲೆಗೂ ಬೇರೆ ಬೇರೆ ನೆರಳು ಬಿದ್ದು ಕೆತ್ತನೆಯು ಎದ್ದು ತೋರುವುದು. ಸಂಜೆ ಸೂರ್ಯನು ಗುಡಿಯ ಹಿಂದೆ ಇಳಿಯುವಂತೆ ನಿಲ್ಲುವ ಜಾಗವನ್ನು ಹುಡುಕಿಕೊಂಡರೆ ಕೆತ್ತನೆಯೆಲ್ಲ ಮಾಯವಾಗಿ ಕಪ್ಪು ಆಕಾರವೊಂದೇ ಉಳಿಯುವುದು. ವಿವರ ಬೇಕಾದವರಿಗೆ ಬೆಳಗು, ಆಕಾರ ಬೇಕಾದವರಿಗೆ ಬೈಗು.

ಬೆಟ್ಟದಿಂದ ಇಳಿದು ರಾಯಗೋಪುರಕ್ಕೆ ಹೋದೆವು. ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ಜನರು ಹೇಳುವ ಈ ಹೆಬ್ಬಾಗಿಲಿಗೆ ಎತ್ತರವಾದ ಕಲ್ಲುಕಂಬಗಳಿವೆಯೇ ಹೊರತು ಮೇಲಿನ ಗೋಪುರವಿಲ್ಲ. ಕೆಲಸವು ನಡುವೆಯೇ ನಿಂತುಹೋಗಿದೆ. ಕಿರೀಟವನ್ನು ಅರಸಿ ಹೋದ ನಮಗೆ ಇದು ಮುಡಿಯಿಲ್ಲದ ಬಾಗಿಲಾಗಿ ಕಂಡಿತು. ಆದರೆ ಕಂಬಗಳ ನಡುವೆ ನಿಂತು ತಲೆಯೆತ್ತಿ ನೋಡಿದಾಗ, ಗೋಪುರವಿರಬೇಕಾಗಿದ್ದ ಸ್ಥಳದಲ್ಲಿ ಬರಿಯ ಆಕಾಶವು ತುಂಬಿಕೊಂಡಿದ್ದಿತು. ಶಿಲ್ಪಿಯು ಬಿಟ್ಟುಹೋದುದನ್ನು ನೋಡುವವನ ಮನಸ್ಸು ತಾನೇ ಕಟ್ಟಿ ಮುಗಿಸುವುದು. ಇಂತಹ ಸ್ಥಳದಲ್ಲಿ ಚಿತ್ರದ ಮುಕ್ಕಾಲು ಪಾಲನ್ನು ಆಕಾಶಕ್ಕೇ ಬಿಡುವುದು ಒಳ್ಳೆಯದು.

ಕಣ್ಣು ಹೀಗೆ ಇಲ್ಲದುದನ್ನು ತುಂಬಿಕೊಳ್ಳುವ ಸಂಗತಿಯು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಮತ್ತೊಮ್ಮೆ ನೆನಪಾಯಿತು. ಮಿಂದವರು ತಂಬಿಗೆಯನ್ನು ಎತ್ತಿದಾಗ ಅದರಿಂದ ನೀರಿಗೆ ಬೀಳುತ್ತಿದ್ದ ಹನಿಗಳು ಒಂದೊಂದೂ ಒಂದು ಪುಟ್ಟ ಕಿರೀಟವನ್ನು ಎಬ್ಬಿಸಿ ಅಡಗುತ್ತಿದ್ದುವು. ಇಂಗ್ಲೆಂಡಿನ ವರ್ದಿಂಗ್‌ಟನ್ ಎಂಬ ಭೌತಶಾಸ್ತ್ರಜ್ಞರು ಈ ಹನಿಕಿರೀಟವನ್ನೇ ಬಹುಕಾಲ ಅಭ್ಯಸಿಸಿದರು. ಕತ್ತಲೆಯ ಕೋಣೆಯಲ್ಲಿ ಹನಿಯನ್ನು ಬೀಳಿಸಿ, ವಿದ್ಯುತ್ತಿನ ಕಿಡಿಯೊಂದನ್ನು ಮಿಂಚಿಸಿ, ಆ ಬೆಳಕಿನಲ್ಲಿ ಕಂಡುದನ್ನು ಅವರು ಕೈಯಿಂದ ಬರೆಯುತ್ತಿದ್ದರು. ಆ ಚಿತ್ರಗಳಲ್ಲಿ ಕಿರೀಟದ ಮೊನೆಗಳೆಲ್ಲ ಅಳೆದಿಟ್ಟಂತೆ ಸಮವಾಗಿದ್ದುವು. 1894ರ ಸುಮಾರಿಗೆ ಅದೇ ಕಿಡಿಯ ಬೆಳಕಿನಲ್ಲಿ ಛಾಯಾಚಿತ್ರಗಳು ದೊರೆತಾಗ, ಮೊನೆಗಳು ಒಂದು ಉದ್ದ ಒಂದು ಗಿಡ್ಡವಾಗಿ, ಸೊಟ್ಟಸೊಟ್ಟಾಗಿರುವುದು ಬಯಲಾಯಿತು. ಪೂರ್ಣತೆಯನ್ನು ಬಯಸುವ ಕಣ್ಣು ಇಪ್ಪತ್ತು ವರ್ಷ ಕಾಲ ಕಿರೀಟವನ್ನು ತಿದ್ದಿ ತೋರಿಸುತ್ತಿದ್ದಿತು. ಮುಂದೆ ಅಮೆರಿಕೆಯ ಹೆರಾಲ್ಡ್ ಎಡ್ಜರ್ಟನ್ ಅವರು ಹಾಲಿನ ಹನಿಯ ಕಿರೀಟವನ್ನು ಅತಿ ಕ್ಷಿಪ್ರವಾದ ಬೆಳಕಿನಲ್ಲಿ ಹಿಡಿದರು. 1957ರಲ್ಲಿ ಅವರು ತೆಗೆದ ಬಣ್ಣದ ಚಿತ್ರವು ಲೋಕಪ್ರಸಿದ್ಧವಾಗಿದೆ. ಮನೆಯಲ್ಲಿ ಮಕ್ಕಳಿಗೂ ಇದನ್ನು ತೋರಿಸಬಹುದು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹಾಲನ್ನು ಹರಡಿ, ಅದರ ಮೇಲೆ ಒಂದು ಗೇಣು ಎತ್ತರದಿಂದ ಹನಿ ಬೀಳಿಸಿ, ಕತ್ತಲೆಯಲ್ಲಿ ಕ್ಯಾಮೆರಾದ ಫ್ಲ್ಯಾಷ್ ದೀಪದಿಂದ ಚಿತ್ರ ತೆಗೆಯುತ್ತ ಹೋದರೆ ಹತ್ತಾರು ಸಲಕ್ಕೆ ಒಂದು ಸಲ ಕಿರೀಟವು ಸಿಕ್ಕುವುದು.

ಕಲ್ಯಾಣಿಯ ಸುತ್ತಲಿನ ಬೀದಿಗಳಲ್ಲಿ ನಮ್ಮ ವಿಷಯಕ್ಕೆ ಕೊರತೆಯೇ ಇರಲಿಲ್ಲ. ಹೂವಾಡಗಿತ್ತಿಯರ ಬುಟ್ಟಿಗಳ ಅಂಚಿನಲ್ಲಿ ಸುತ್ತಿಟ್ಟ ಸೇವಂತಿಗೆಯ ಮಾಲೆಗಳು ಮುಕುಟಗಳಂತಿದ್ದುವು. ನೀರಿನ ಕೊಡವನ್ನು ಇಳಿಸಿದ ಹೆಂಗಸೊಬ್ಬಳು ತಲೆಯ ಮೇಲಿನ ಸಿಂಬಿಯನ್ನು ತೆಗೆಯುವುದನ್ನೇ ಮರೆತು ನೆರೆಯವಳೊಡನೆ ಮಾತನಾಡುತ್ತ ನಿಂತಿದ್ದಳು. ಹಳೆಯ ಸೀರೆಯ ಆ ಸುರುಳಿಯು ಯಾವ ರಾಣಿಯ ಕಿರೀಟಕ್ಕೂ ಕಡಮೆಯಾಗಿ ತೋರಲಿಲ್ಲ. ಅತ್ತ ನೆರಳಿನಲ್ಲಿ ಮುಡಿ ಕೊಡುವವರ ಸಾಲು. ಮೊಮ್ಮಗಳನ್ನು ಜೊತೆಗೆ ಕರೆತಂದಿದ್ದ ಅಜ್ಜಿಯೊಬ್ಬರು, ನರೆತು ಮೊಣಕೈವರೆಗೆ ಇಳಿದಿದ್ದ ಕೂದಲನ್ನು ಒಪ್ಪಿಸಿ, ನುಣ್ಣಗಾದ ತಲೆಯನ್ನು ಸವರಿಕೊಳ್ಳುತ್ತ ನಗುತ್ತಿದ್ದರು. ಆಗ ಕ್ಯಾಮೆರಾವನ್ನು ಎತ್ತುವುದು ನಮಗೆ ಸಭ್ಯವೆಂದು ತೋರಲಿಲ್ಲ.

ಇನ್ನು ದೇವರ ಮುಡಿಗಳ ವಿಚಾರ. ಚೆಲುವನಾರಾಯಣಸ್ವಾಮಿಗೆ ಪ್ರಸಿದ್ಧವಾದ ಕಿರೀಟಗಳು ಮೂರು. ಮೈಸೂರನ್ನು 1578ರಿಂದ 1617ರವರೆಗೆ ಆಳಿದ ರಾಜ ಒಡೆಯರು ಒಪ್ಪಿಸಿದುದು ರಾಜಮುಡಿ. ಆ ಅರಸರ ಉಬ್ಬುಚಿತ್ರವು ದೇವಾಲಯದ ನವರಂಗದ ಕಂಬವೊಂದರ ಮೇಲಿದೆ. ಕಿರೀಟವನ್ನು ಕೊಟ್ಟವರು ಬರಿಗೈಯಿಂದ ಕೈಮುಗಿದು ನಿಂತಿರುವುದು ನೋಡತಕ್ಕದ್ದಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಒಪ್ಪಿಸಿದುದು ಕೃಷ್ಣರಾಜಮುಡಿ. ಇವೆರಡಕ್ಕಿಂತಲೂ ಹಳೆಯದೆಂದು ಭಕ್ತರು ನಂಬುವುದು ವೈರಮುಡಿ, ಎಂದರೆ ವಜ್ರದ ಕಿರೀಟ. ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ವಿರೋಚನನು ಅಪಹರಿಸಿದನೆಂದೂ, ಗರುಡನು ಅದನ್ನು ಗೆದ್ದು ತಂದು ಶ್ರೀಕೃಷ್ಣನಿಗೆ ಒಪ್ಪಿಸಿದನೆಂದೂ, ಕೃಷ್ಣನು ಅದನ್ನು ಈ ಉತ್ಸವಮೂರ್ತಿಗೆ ತೊಡಿಸಿದನೆಂದೂ ಸ್ಥಳಪುರಾಣವು ಹೇಳುವುದು.

ವೈರಮುಡಿಯು ವರ್ಷದ ಉಳಿದ ದಿನಗಳಲ್ಲಿ ಮಂಡ್ಯದ ಖಜಾನೆಯಲ್ಲಿರುವುದು. ಉತ್ಸವದ ದಿನ ಪೊಲೀಸರ ಕಾವಲಿನಲ್ಲಿ ಅದು ಹೊರಡುವಾಗ ದಾರಿಯುದ್ದಕ್ಕೂ ಊರೂರಿನ ಜನರು ತಳಿರುತೋರಣ ಕಟ್ಟಿ, ಮುಚ್ಚಿದ ಪೆಟ್ಟಿಗೆಗೇ ಪೂಜೆ ಮಾಡಿ ಕಳುಹಿಸುವರು. ಹಗಲಿನ ಬೆಳಕು ಅದನ್ನು ಸೋಕಬಾರದೆಂಬುದು ಸಂಪ್ರದಾಯ. ಛಾಯಾಚಿತ್ರವು ಬೆಳಕಿನ ಕೂಸು. ವೈರಮುಡಿಯಾದರೋ ಬೆಳಕಿಗೆ ಬೆನ್ನುಮಾಡಿದ ವಸ್ತು. ಇವೆರಡನ್ನೂ ಕೂಡಿಸುವುದೆಂತು? ಇದೇ ನಮ್ಮ ಪ್ರವಾಸದ ಕಠಿನವಾದ ಪ್ರಶ್ನೆಯಾಗಿದ್ದಿತು.

ರಾತ್ರಿಯಾಯಿತು. ಬೀದಿಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಶ್ರೀದೇವಿ ಭೂದೇವಿಯರೊಡನೆ ಗರುಡವಾಹನದ ಮೇಲೆ ಬಿಜಯಮಾಡಿದ ಸ್ವಾಮಿಯು ದೇವಾಲಯದ ಬಾಗಿಲನ್ನು ದಾಟುತ್ತಲೇ "ಗೋವಿಂದ, ಗೋವಿಂದ" ಎಂಬ ಘೋಷವೆದ್ದಿತು. ಅದರೊಡನೆಯೇ ಸಾವಿರಾರು ಕೈಗಳೂ ಮೇಲೆದ್ದುವು. ಕೆಲವು ಮುಗಿದ ಕೈಗಳು, ಹೆಚ್ಚಿನವು ಫೋನುಗಳನ್ನು ಹಿಡಿದ ಕೈಗಳು. ಒಬ್ಬ ದೇವರು ಸಾವಿರ ಪುಟ್ಟ ಗಾಜುಗಳಲ್ಲಿ ಕಾಣುತ್ತಿದ್ದನು. ಆದರೆ ಹಿಂದೆ ನಿಂತವರಿಗೆ ಕಾಣುತ್ತಿದ್ದುದು ಆ ಗಾಜುಗಳು ಮಾತ್ರ.

ನಮ್ಮ ಪಕ್ಕದಲ್ಲಿ ಯಾರೋ ತುದಿಗಾಲಿನಲ್ಲಿ ನಿಂತು ಇಣಿಕುತ್ತಿದ್ದರು. ನೋಡಿದರೆ ಹಗಲು ಮುಡಿ ಕೊಟ್ಟಿದ್ದ ಆ ಅಜ್ಜಿ. "ಕೈ ವಸಿ ಇಳ್ಸಪ್ಪ, ನಂಗೂ ಸ್ವಾಮಿ ಕಾಣ್ಲಿ" ಎಂದು ಮುಂದಿದ್ದ ಯುವಕನನ್ನು ಕೇಳಿದರು. ಅವನು ಹಿಂತಿರುಗಿ ನೋಡಿ, ಫೋನನ್ನು ಜೇಬಿಗೆ ಹಾಕಿ, "ಬಾ ಅಜ್ಜಿ" ಎಂದು ಅವರ ಭುಜವನ್ನು ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡನು. ಅಷ್ಟರಲ್ಲಿ ವಾಹನವು ಸಮೀಪಕ್ಕೆ ಬಂದಿತು. ದೀಪಗಳ ಬೆಳಕು ಕಿರೀಟದ ಹರಳುಗಳಲ್ಲಿ ಸಿಡಿದು ಹೊಳೆಯಿತು. ಆ ದೀಪಗಳದೇ ಬೆಳಕು ಅಜ್ಜಿಯ ಬೋಳಾದ ನೆತ್ತಿಯ ಮೇಲೂ ಒಂದು ಬಳೆಯಂತೆ ನಿಂತಿತು. ಮುಡಿಯನ್ನು ಧರಿಸಿದವನೂ ಮುಡಿಯನ್ನು ಕೊಟ್ಟವರೂ ಎದುರುಬದುರಾಗಿದ್ದರು. ನಮ್ಮ ಗೆಳೆಯರು ಆ ಕ್ಷಣದಲ್ಲಿ ಕ್ಯಾಮೆರಾವನ್ನು ದೇವರ ಕಡೆಗಲ್ಲದೆ ಅಜ್ಜಿಯ ಕಡೆಗೆ ತಿರುಗಿಸಿದರು.

ವಾಹನವು ಮುಂದೆ ಸಾಗಿದ ಮೇಲೆ ಅವರಿಗೆ ಚಿತ್ರವನ್ನು ತೋರಿಸಿ, ಇಟ್ಟುಕೊಳ್ಳಬಹುದೇ ಎಂದು ಕೇಳಿದೆವು. "ದೇವ್ರ ಪಟ ಬುಟ್ಟು ನನ್ ಬೋಳ್ತಲೆ ಹಿಡುದ್ರಾ?" ಎಂದು ಅಜ್ಜಿ ಬಾಯಿಗೆ ಸೆರಗನ್ನು ಅಡ್ಡವಿಟ್ಟುಕೊಂಡು ನಕ್ಕರು. "ಇಟ್ಕಳಿ, ಬುಡಿ. ನಮ್ಮನೇಗೂ ಒಂದ್ ಕಳ್ಸಿ." ಮೊಮ್ಮಗಳು ವಿಳಾಸವನ್ನು ಬರೆದುಕೊಟ್ಟಳು. ಚಿತ್ರವನ್ನು ಅಚ್ಚು ಹಾಕಿಸಿ ಕಳುಹಿಸಿದ್ದೇವೆ.

ವಾಚಕರಲ್ಲಿ ಈ ಉತ್ಸವಕ್ಕೆ ಹೋಗುವವರಿಗೆ ಎರಡು ಮಾತು. ಹೊಳೆಯುವ ಹರಳುಗಳ ಮೇಲೆ ಫ್ಲ್ಯಾಷ್ ದೀಪವನ್ನು ಬಿಡಬಾರದು. ಅರ್ಚಕರ ಮತ್ತು ವಾಹನ ಹೊತ್ತವರ ಕಣ್ಣು ಕುಕ್ಕುವುದಲ್ಲದೆ ಚಿತ್ರದಲ್ಲಿ ಬಿಳಿಯ ಚುಕ್ಕೆಗಳು ಮಾತ್ರ ಉಳಿಯುವುವು. ಉತ್ಸವದ ದೀಪಗಳೇ ಸಾಕು. ಅತ್ಯಂತ ಹೊಳಪಾದ ಭಾಗಕ್ಕೆ ಬೆಳಕನ್ನು ಅಳೆದುಕೊಂಡು, ಉಳಿದುದನ್ನು ಕತ್ತಲೆಗೆ ಬಿಟ್ಟರೆ ಕಿರೀಟವು ಕಿರೀಟವಾಗಿ ಬರುವುದು. ತೀರ ಕೆಳಗಿನಿಂದ ತೆಗೆದರೆ ಅದು ಮೊಟಕಾಗಿ ತೋರುವುದರಿಂದ, ಸ್ವಲ್ಪ ದೂರದ ಜಗಲಿಯ ಮೇಲೆ ನಿಂತು ದೂರದರ್ಶಕ ಮಸೂರದಿಂದ ತೆಗೆಯುವುದು ಮೇಲು. ಅಲ್ಲಿಂದಾದರೆ ಯಾರ ದರ್ಶನಕ್ಕೂ ಅಡ್ಡಿಯಾಗದು.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದುದು. ಕಿರೀಟಕ್ಕೆ ಬೆಲೆ ಬರುವುದು ಅದನ್ನು ತಲೆಯೆತ್ತಿ ನೋಡುವ ಕಣ್ಣುಗಳಿಂದ. ಖಜಾನೆಯ ಪೆಟ್ಟಿಗೆಯಲ್ಲಿರುವಾಗ ಅದು ಲೋಹವೂ ಕಲ್ಲೂ ಮಾತ್ರ. ಬೀದಿಗೆ ಬಂದ ಆ ಒಂದು ರಾತ್ರಿಯಲ್ಲಿ ಅದು ವೈರಮುಡಿ. ಆದುದರಿಂದ ಒಂದೆರಡು ಚಿತ್ರಗಳನ್ನು ತೆಗೆದುಕೊಂಡು ಕ್ಯಾಮೆರಾವನ್ನು ಕೆಳಗಿಳಿಸಿರಿ. ಕಣ್ಣು ತುಂಬ ನೋಡಿರಿ. ಹಿಂದೆ ನಿಂತವರಿಗೂ ನೋಡಲು ಬಿಡಿರಿ.