ಮಗು ಎತ್ತುವ ಕುರ್ಚಿ

ಮಾಟುಂಗದ ಚಾಳಿನ ನಮ್ಮ ಮನೆಯಲ್ಲಿ (ಮನೆಯೆಂದರೇನು, ಒಂದೂವರೆ ಕೋಣೆ!) ಇದ್ದದ್ದು ಒಂದೇ ಕುರ್ಚಿ. ಸಾಗುವಾನಿಯದು, ಅಜ್ಜನವರು ಧಾರವಾಡದಿಂದ ರೈಲಿನಲ್ಲಿ ಕಳಿಸಿಕೊಟ್ಟದ್ದು. ಅದರ ಮೇಲೆ ಕೂಡುವ ಅಧಿಕಾರ ತಂದೆಯವರಿಗೆ, ಬಿಟ್ಟರೆ ಬಂದ ಬೀಗರಿಗೆ. ಮಕ್ಕಳಿಗೆ ಮಣೆ, ಮಣೆ ಸಾಲದಿದ್ದರೆ ನೆಲ. ನೆಲದ ಮೇಲೆ ಕೂತವರು ಬೀಳುವುದಿಲ್ಲವೆಂಬುದು ಅವ್ವನ ವಾದ.

1964ರಲ್ಲಿ ನನಗೆ ಎಂಟು ವರ್ಷ, ತಂಗಿಗೆ ನಾಲ್ಕು. ಅವಳನ್ನು ನೋಡಿಕೊಳ್ಳೆಂದು ನನಗೆ ಹೇಳಿ ಅವ್ವ ನಳಕ್ಕೆ ಹೋಗಿದ್ದಳು. ನಾನು ಹೊರಗೆ ಗೋಲಿಯಾಟದಲ್ಲಿದ್ದೆ. ಮಾಡದೊಳಗಿನ ಉಂಡಿಗೆ ಕೈ ನಿಲುಕದೆ ತಂಗಿ, "ಅಣ್ಣಾ, ಕುರ್ಚಿ ಎತ್ತಿಕೊಡ" ಎಂದು ಕೂಗಿದಳು. "ನೀನ ಎತ್ಕೋ" ಎಂದೆ. ಅವಳು ಎತ್ತಲಾರದೆ ಎಳೆದಳು. ಕುರ್ಚಿ ಅವಳ ಕಾಲಿನ ಮೇಲೆಯೇ ಬಿತ್ತು. ಬಲಗಾಲಿನ ಹೆಬ್ಬೆರಳು ಇಂದಿಗೂ ಸೊಟ್ಟಗಿದೆ. ಕೂಗಿದ್ದು ಕೇಳಿಸಲೇ ಇಲ್ಲವೆಂದು ನಾನು ತಂದೆಯವರಿಗೆ ಹೇಳಿದೆ. ಬೈಗುಳ ಅವಳ ಪಾಲಿಗೆ ಬಂತು.

ಹೋದ ವರ್ಷ ಮಗನ ಮನೆಗೆಂದು ಇಟಲಿಯ ಮಿಲಾನ್‌ಗೆ ಹೋದಾಗ, ಮೊಮ್ಮಗನ ಕೈ ಹಿಡಿದು ಒಂದು ವಸ್ತುಸಂಗ್ರಹಾಲಯ ನೋಡುತ್ತಿದ್ದೆ. ಅಲ್ಲೊಂದು ಕೆಂಪು ಪ್ಲಾಸ್ಟಿಕ್ಕಿನ ಪುಟ್ಟ ಕುರ್ಚಿ. ಫಲಕದ ಮೇಲೆ 1964 ಎಂದಿತ್ತು! ಕಾಲು ಅಲ್ಲಿಯೇ ನಿಂತವು.

ಮಾರ್ಕೊ ಝಾನುಸೊ ಎಂಬ ಇಟಲಿಯವರೂ ರಿಚರ್ಡ್ ಸ್ಯಾಪರ್ ಎಂಬ ಜರ್ಮನಿಯವರೂ ಕೂಡಿ ಕಾರ್ಟೆಲ್ ಕಂಪನಿಗಾಗಿ ರೂಪಿಸಿದ್ದು ಅದು. ಆ ಕಂಪನಿಯನ್ನು 1949ರಲ್ಲಿ ತೆರೆದ ಜೂಲಿಯೊ ಕಾಸ್ತೆಲ್ಲಿಯವರು ರಸಾಯನ ಇಂಜಿನಿಯರರು. ಬಕೆಟ್ಟು, ಜರಡಿಗಳಂಥ ಅಡಿಗೆಮನೆಯ ಸಾಮಾನನ್ನೂ ಶ್ರದ್ಧೆಯಿಂದ ಮಾಡಿಸಿದವರು. 1955ರಲ್ಲಿ ಅವರ ಒಂದು ಬಕೆಟ್ಟಿಗೇ ದೇಶದ ದೊಡ್ಡ ವಿನ್ಯಾಸ ಪ್ರಶಸ್ತಿ ಬಂದಿತ್ತು. ಬಕೆಟ್ಟಿಗೆ ಪ್ರಶಸ್ತಿಯೆ ಎಂದು ನಗಬೇಡಿ. ನಳದ ಸಾಲಿನಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು. 1964ರಲ್ಲಿ ಅದೇ ಪ್ರಶಸ್ತಿ ಈ ಕುರ್ಚಿಗೂ ಬಂತು.

ಪಾಲಿಥೀನ್ ಕಾಳುಗಳನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ, ಆರಿದ ಮೇಲೆ ತೆಗೆಯುವುದು. ಅಚ್ಚು ಬಲು ದುಬಾರಿ. ಸಾವಿರಗಟ್ಟಲೆ ತೆಗೆದರೆ ಮಾತ್ರ ಒಂದೊಂದು ಅಗ್ಗ. ಪಾಲಿಥೀನ್ ಮೆತ್ತನೆಯ ಪದಾರ್ಥವಾದ್ದರಿಂದ ತೆಳ್ಳನೆಯ ಕಾಲು ಬಳುಕುತ್ತದೆ. ಅದಕ್ಕೇ ಆನೆಮರಿಯ ಕಾಲಿನಂತೆ ನಾಲ್ಕು ದಪ್ಪ ಕೊಳವೆಗಳು. ಬೇರೆಯಾಗಿ ಮಾಡಿ ಕೆಳಗೆ ಸಿಕ್ಕಿಸಿದವು. ಒಂದರ ಮೇಲೊಂದು ಕೂಡಿಸುವ ಹಾಗೆ ಬೆನ್ನಿನಲ್ಲಿ ಗಾಡಿಗಳು. ಅವನ್ನು ಪೇರಿಸಿ ಮಕ್ಕಳು ಕೋಟೆ ಕಟ್ಟಿ ಆಡಲೆಂಬುದೂ ರೂಪಿಸಿದವರ ಮನಸ್ಸಿನಲ್ಲಿತ್ತಂತೆ. ಹರಿತವಾದ ಮೂಲೆ ಒಂದೂ ಇಲ್ಲ. ದೊಡ್ಡವರ ಕುರ್ಚಿಯನ್ನು ಕುಗ್ಗಿಸಿ ಮಾಡಿದ್ದಲ್ಲ ಅದು. ಮಗುವಿನ ಕೈಯನ್ನು ನೆನೆದು ಮಾಡಿದ್ದು.

ಪ್ಲಾಸ್ಟಿಕ್ಕು ಮಣ್ಣಿನಲ್ಲಿ ಕೊಳೆಯದು, ಸಮುದ್ರವನ್ನೆಲ್ಲ ಕೆಡಿಸುತ್ತಿದೆ ಎಂದು ಸೊಸೆ ನೆನಪಿಸಿದಳು. ಅವಳ ಮಾತು ನಿಜವೇ. ಆದರೂ ನನ್ನ ಕಣ್ಣು ಆ ದುಂಡು ಮೂಲೆಗಳನ್ನು ಬಿಡಲೊಲ್ಲದು. ಮೊಮ್ಮಗ, "ಅಜ್ಜಾ, ಎತ್ತಲೆ?" ಎಂದು ಕೈ ಚಾಚಿದ. ಕಾವಲಿನಾಕೆ ನಗುತ್ತಲೇ ಬೆರಳಾಡಿಸಿದಳು.

ರಾತ್ರಿ ಹುಬ್ಬಳ್ಳಿಗೆ ಫೋನು ಮಾಡಿ ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳ ಕೂಗು ನನಗೆ ಅಂದು ಕೇಳಿಸಿತ್ತೆಂಬುದನ್ನೂ ಹೇಳಿದೆ. ಅರುವತ್ತು ವರ್ಷ ಕಳೆದಿದ್ದವು.

"ಅದು ನಂಗ ಆವಾಗನ ಗೊತ್ತಿತ್ತು" ಎಂದಳು. ಸ್ವಲ್ಪ ತಡೆದು, "ಆ ಕೆಂಪು ಕುರ್ಚಿ ನಾ ಎತ್ತತಿದ್ದೆನೇನು, ಅಣ್ಣಾ?" ಎಂದು ಕೇಳಿದಳು.

"ಎತ್ತತಿದ್ದಿ" ಎಂದೆ.